ಜಪಾನಿನ ಗೇಮ್‌ಬುಕ್‌ಗಳಲ್ಲಿ ಅನಿಮೆಯಾದದ್ದು ಯಾವುದು, ಆಗದೆ ಉಳಿದದ್ದು ಏಕೆ?

ದಾಳಗಾರ
ಗೆಳೆಯರೇ, ‘ರೆಕಾರ್ಡ್ ಆಫ್ ಲೋಡೋಸ್ ವಾರ್’ ಎಂಬ ಹಳೆಯ ಜಪಾನಿ ಅನಿಮೆಯ, ಅಂದರೆ ಅನಿಮೇಷನ್ ಸರಣಿಯ, 13 ಕಂತುಗಳನ್ನು ಎರಡು ವಾರಗಳಲ್ಲಿ ನೋಡಿ ಮುಗಿಸಿದೆ. ಇದನ್ನು ನನಗೆ ಪರಿಚಯಿಸಿದ ಸಹೋದ್ಯೋಗಿಯೊಬ್ಬರು ಇದರ ಮೂಲ ಒಂದು ಗೇಮ್‌ಬುಕ್ ಎಂದು ಹೇಳಿದ್ದರು. ಆ ಮಾತು ತಲೆಯಲ್ಲೇ ಉಳಿದಿದೆ. ನಾನು ಹೈಸ್ಕೂಲಿನಲ್ಲಿದ್ದಾಗ ಸೋದರತ್ತೆಯ ಮಗ ಹಸಿರು ಬೆನ್ನಿನ ಇಂಗ್ಲಿಷ್ ಗೇಮ್‌ಬುಕ್‌ಗಳನ್ನು ಸೆಕೆಂಡ್‌ಹ್ಯಾಂಡ್ ಅಂಗಡಿಯಿಂದ ತರುತ್ತಿದ್ದ. ಹಾವು ಏಣಿ ಆಟದ ಡಬ್ಬಿಯಿಂದ ದಾಳ ಕದ್ದು ನಾವಿಬ್ಬರೂ ಬೇಸಿಗೆ ರಜೆಯೆಲ್ಲ ಅವುಗಳಲ್ಲೇ ಮುಳುಗಿರುತ್ತಿದ್ದೆವು. ಎಡಕ್ಕೆ ತಿರುಗಬೇಕಾದರೆ ಇಂಥ ಸಂಖ್ಯೆಯ ಪ್ಯಾರಾಕ್ಕೆ ಹೋಗು, ಬಾಗಿಲು ಒಡೆಯಬೇಕಾದರೆ ಇನ್ನೊಂದಕ್ಕೆ ಹೋಗು ಎಂದು ಹೇಳುವ ಪುಸ್ತಕಗಳವು.

ನನ್ನ ಪ್ರಶ್ನೆ ಇಷ್ಟೇ. ಓದುಗನೇ ದಾರಿ ಆರಿಸಬೇಕಾದ ಪುಸ್ತಕವನ್ನು, ಒಂದೇ ದಾರಿಯಲ್ಲಿ ಸಾಗುವ ಅನಿಮೆಯನ್ನಾಗಿ ಹೇಗೆ ಮಾಡಿದರು? ಆಯ್ಕೆಯೇ ಇಲ್ಲದ ಮೇಲೆ ಆ ಪುಸ್ತಕದಲ್ಲಿ ಅನಿಮೆಗೆ ಕೊಂಡೊಯ್ಯಲು ಉಳಿದದ್ದೇನು?

ಹಳೆಪುಸ್ತಕ
ಮೊದಲು ಒಂದು ತಿದ್ದುಪಡಿ ಮಾಡಬೇಕು. ಲೋಡೋಸ್‌ನ ಮೂಲ ಗೇಮ್‌ಬುಕ್ ಅಲ್ಲ. ಈ ತಪ್ಪು ಎಷ್ಟು ವ್ಯಾಪಕವಾಗಿದೆಯೆಂದರೆ ಅದನ್ನು ತಿದ್ದುವುದೇ ನನ್ನ ಕೆಲಸವಾಗಿಬಿಟ್ಟಿದೆ. ಅದರ ಮೂಲ ‘ರೀಪ್ಲೇ’.

ಕಾಂಪ್‌ಟೀಕ್ ಎಂಬ ಜಪಾನಿನ ಕಂಪ್ಯೂಟರ್ ಆಟಗಳ ಪತ್ರಿಕೆ 1986ರ ಸೆಪ್ಟೆಂಬರ್ ಸಂಚಿಕೆಯಿಂದ ಒಂದು ಹೊಸ ಬಗೆಯ ಧಾರಾವಾಹಿಯನ್ನು ಆರಂಭಿಸಿತು. ಹಿತೋಶಿ ಯಾಸುದಾ ಅವರ ನೇತೃತ್ವದ ಗ್ರೂಪ್ ಎಸ್‌ಎನ್‌ಇ ತಂಡದವರು ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುತ್ತಾ ದಾಳ ಎಸೆದು ಆಡುವ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟವನ್ನು ಆಡಿದರು, ಅಲ್ಲಿ ಆಡಿದ ಮಾತುಗಳನ್ನು ನಾಟಕದ ಸಂಭಾಷಣೆಯಂತೆ ಬರೆದು ಅಚ್ಚು ಹಾಕಿದರು. ಯಾರು ಏನು ಹೇಳಿದರು, ಯಾರ ದಾಳ ಎಷ್ಟು ಬಿತ್ತು, ಯಾರು ನಡುವೆ ಜೋಕು ಹೊಡೆದರು ಎಂಬುದೆಲ್ಲವೂ ಅದರಲ್ಲಿ ಬರುತ್ತಿತ್ತು. ಆಟ ನಡೆಸುವ ಡಂಜನ್ ಮಾಸ್ಟರ್ ಆಗಿದ್ದವರು ರ್ಯೋ ಮಿಜುನೊ. 1988ರಲ್ಲಿ ಅವರೇ ಆ ಕಥೆಯನ್ನು ‘ಬೂದು ಮಾಟಗಾತಿ’ ಎಂಬ ಅರ್ಥದ ಹೆಸರಿನಲ್ಲಿ ಕಾದಂಬರಿಯಾಗಿ ಬರೆದರು. 1993ರ ಹೊತ್ತಿಗೆ ಏಳು ಸಂಪುಟಗಳು ಬಂದಿದ್ದವು. ನೀವು ನೋಡಿದ 13 ಕಂತುಗಳನ್ನು ಮ್ಯಾಡ್‌ಹೌಸ್ ಸ್ಟುಡಿಯೊ 1990 ಮತ್ತು 1991ರಲ್ಲಿ ವಿಡಿಯೊ ಕ್ಯಾಸೆಟ್ ಮಾರುಕಟ್ಟೆಗಾಗಿ ತಯಾರಿಸಿತು.

ಆಯ್ಕೆಗಳನ್ನು ಕಳಚಿ ಅನಿಮೆ ಮಾಡಿದವರು ಯಾರೂ ಇಲ್ಲ. ಆಯ್ಕೆಗಳು ಮೇಜಿನ ಮೇಲೆಯೇ ಮುಗಿದಿದ್ದವು, ಓದುಗರ ಕೈಗೆ ಮೊದಲ ದಿನವೇ ಒಂದೇ ದಾರಿಯ ಕಥೆ ಸಿಕ್ಕಿತ್ತು.

ದಾಳಗಾರ
ತಿದ್ದಿದ್ದಕ್ಕೆ ಧನ್ಯವಾದಗಳು. ಆದರೆ ಇದರಿಂದ ನನ್ನ ಪ್ರಶ್ನೆ ಇನ್ನಷ್ಟು ದೊಡ್ಡದಾಯಿತು. ಅದೇ ಕಾಲದಲ್ಲಿ ಜಪಾನಿನಲ್ಲಿ ನಿಜವಾದ ಗೇಮ್‌ಬುಕ್‌ಗಳೂ ಇದ್ದಿರಬೇಕಲ್ಲವೇ? ಅವು ಏಕೆ ಹೀಗೆ ಬೆಳೆಯಲಿಲ್ಲ?

ಕೋಬೆ_ಕನ್ನಡಿಗ
ಇದ್ದವು, ಅದೂ ರಾಶಿ ರಾಶಿಯಾಗಿ. ಒಂಬತ್ತು ವರ್ಷಗಳಿಂದ ಕೋಬೆಯಲ್ಲಿದ್ದೇನೆ; ಇಲ್ಲಿನ ಹಳೆಪುಸ್ತಕದ ಅಂಗಡಿಗಳಲ್ಲಿ ಅಂಗೈಯಗಲದ ‘ಬುಂಕೊ’ ಪುಸ್ತಕಗಳ ನಡುವೆ ಇಂದಿಗೂ ಅವು ಸಿಗುತ್ತವೆ. ಸ್ಟೀವ್ ಜಾಕ್ಸನ್ ಮತ್ತು ಇಯಾನ್ ಲಿವಿಂಗ್‌ಸ್ಟನ್ 1982ರಲ್ಲಿ ಇಂಗ್ಲೆಂಡಿನಲ್ಲಿ ಬರೆದ ‘ದಿ ವಾರ್‌ಲಾಕ್ ಆಫ್ ಫೈರ್‌ಟಾಪ್ ಮೌಂಟನ್’ 1984ರ ಕೊನೆಯಲ್ಲಿ ಜಪಾನಿ ಭಾಷೆಗೆ ಬಂತು, ಅಲ್ಲಿಂದ ಮುಂದಿನ ಕೆಲವು ವರ್ಷ ಇಲ್ಲಿ ಗೇಮ್‌ಬುಕ್‌ಗಳ ಸುಗ್ಗಿಯೇ ನಡೆಯಿತು. ಮನೆಯಲ್ಲಿ ಟಿವಿಗೆ ಜೋಡಿಸಿ ಆಡುವ ಫ್ಯಾಮಿಕಾಮ್ ಆಟಗಳನ್ನೂ ಗೇಮ್‌ಬುಕ್‌ಗಳಾಗಿ ಮಾಡಿ ಮಾರಿದರು. ನಾಮ್ಕೊ ಸಂಸ್ಥೆಯ 1984ರ ಆರ್ಕೇಡ್ ಆಟವಾದ (ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರದ ಆಟ) ‘ಟವರ್ ಆಫ್ ಡ್ರುವಾಗಾ’ವನ್ನು ನವೊಟೊ ಸುಜುಕಿ ಮೂರು ಸಂಪುಟಗಳ ಗೇಮ್‌ಬುಕ್ ಆಗಿ ಬರೆದರು. 60 ಅಂತಸ್ತುಗಳ ಗೋಪುರ ಅದು. ಇಂಗ್ಲಿಷ್ ಗೇಮ್‌ಬುಕ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ ಹೋದ ಮೇಲೆ ಹಿಂದಕ್ಕೆ ಬರಲು ದಾರಿಯಿರುವುದಿಲ್ಲ, ಆದರೆ ಇದರಲ್ಲಿ ಬಂದ ದಾರಿಯಲ್ಲೇ ಹಿಂದಿರುಗಿ ಇನ್ನೊಂದು ಕೋಣೆ ಹುಡುಕಬಹುದು. ಗ್ರಾಫ್ ಹಾಳೆಯ ಮೇಲೆ ನಕ್ಷೆ ಬರೆದುಕೊಳ್ಳದೆ ಮುಗಿಸುವುದು ಕಷ್ಟ. ನಾನು ಓದಿದ ಗೇಮ್‌ಬುಕ್‌ಗಳಲ್ಲಿ ಕಟ್ಟೋಣದ ದೃಷ್ಟಿಯಿಂದ ಇದನ್ನು ಮೀರಿಸಿದ್ದು ಇಲ್ಲ.

ಡ್ರುವಾಗಾ ಹೆಸರಿನ ಅನಿಮೆ 2008ರಲ್ಲಿ ಬಂತು. ಆದರೆ ಅದು ಆರ್ಕೇಡ್ ಆಟದ ಲೋಕವನ್ನು ಆಧರಿಸಿದ್ದು, ಸುಜುಕಿ ಅವರ ಪುಸ್ತಕಗಳನ್ನಲ್ಲ. ಅಷ್ಟು ಒಳ್ಳೆಯ ಪುಸ್ತಕಗಳನ್ನು ಬದಿಗಿಟ್ಟು ಇಪ್ಪತ್ತನಾಲ್ಕು ವರ್ಷ ಹಿಂದಿನ ಆಟಕ್ಕೇ ಮರಳಿದರು.

ಅರ್ಥಾಸಕ್ತ
‘ಹಳೆಪುಸ್ತಕ’ ಅವರು ಹೇಳಿದ ರೀಪ್ಲೇ ನನಗೆ ತಾಳಮದ್ದಳೆಯನ್ನು ನೆನಪಿಸಿತು. ವೇಷವಿಲ್ಲ, ಕುಣಿತವಿಲ್ಲ. ನಾಲ್ಕಾರು ಮಂದಿ ಅರ್ಥಧಾರಿಗಳು ಎದುರುಬದುರಾಗಿ ಕುಳಿತು, ಒಬ್ಬರು ಕೃಷ್ಣನಾಗಿ ಮತ್ತೊಬ್ಬರು ಕೌರವನಾಗಿ, ಬರೆದಿಡದ ಮಾತುಗಳನ್ನು ಆ ಕ್ಷಣಕ್ಕೆ ಹೊಳೆದಂತೆ ಆಡುತ್ತಾರೆ. ಭಾಗವತರ ಕೈಯಲ್ಲಿ ಪ್ರಸಂಗದ ಪದ್ಯವಿರುತ್ತದೆ, ಅಲ್ಲಿ ಡಂಜನ್ ಮಾಸ್ಟರ್ ಕೈಯಲ್ಲಿ ಗುಹೆಯ ನಕ್ಷೆ ಇರುತ್ತದೆ. ನಮ್ಮ ಕರಾವಳಿಯಲ್ಲಿ ತಾಳಮದ್ದಳೆಯ ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ಮುದ್ರಿಸಿಕೊಂಡು ಮತ್ತೆ ಮತ್ತೆ ಕೇಳುವವರಿದ್ದಾರೆ. ನನ್ನ ತಂದೆಯವರ ಕಪಾಟಿನಲ್ಲಿ ಅಂಥ ಕ್ಯಾಸೆಟ್ಟುಗಳೇ ತುಂಬಿದ್ದವು. ಆಡಿದ ಮಾತೇ ಓದುವ ಅಥವಾ ಕೇಳುವ ಕೃತಿಯಾಗುವುದು ನಮಗೇನೂ ಹೊಸದಲ್ಲ.

ಹಳೆಪುಸ್ತಕ
ಹೋಲಿಕೆ ಚೆನ್ನಾಗಿದೆ, ಆದರೆ ಅರ್ಧಕ್ಕೆ ನಿಲ್ಲುತ್ತದೆ. ತಾಳಮದ್ದಳೆಯಲ್ಲಿ ಅರ್ಥಧಾರಿ ಎಷ್ಟೇ ವಾದ ಹೂಡಿದರೂ ಕರ್ಣ ಸಾಯಲೇಬೇಕು, ಪ್ರಸಂಗವನ್ನು ಮೀರುವಂತಿಲ್ಲ. ರೀಪ್ಲೇಯಲ್ಲಿ ಯಾರು ಉಳಿಯುತ್ತಾರೆ ಎಂಬುದು ದಾಳದ ಮೇಲೆ ನಿಂತಿರುತ್ತದೆ. ಪತ್ರಿಕೆ ಓದುತ್ತಿದ್ದವರನ್ನು ಹಿಡಿದಿಟ್ಟದ್ದು ಆ ಅನಿಶ್ಚಿತತೆ.

ಅರ್ಥಾಸಕ್ತ
ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೂ ಬೆಳಗಿನ ಜಾವದವರೆಗೆ ಜನ ಕುಳಿತಿರುತ್ತಾರಲ್ಲ? ಅವರನ್ನು ಹಿಡಿದಿಡುವುದು ಅನಿಶ್ಚಿತತೆಯಲ್ಲ, ಇವತ್ತಿನ ಕರ್ಣ ಏನು ಮಾತಾಡುತ್ತಾನೆ ಎಂಬ ಕುತೂಹಲ. ಲೋಡೋಸ್‌ನಲ್ಲೂ ಓದುಗರು ದಾಳಕ್ಕಿಂತ ಹೆಚ್ಚಾಗಿ ಪಾತ್ರಗಳಿಗೆ ಮನಸೋತಿರಬೇಕು ಎಂಬುದು ನನ್ನ ಅಭಿಪ್ರಾಯ. ದಾಳದ ಲೆಕ್ಕ ಮುಂದಿನ ತಿಂಗಳಿಗೆ ಮರೆತುಹೋಗುತ್ತದೆ.

ಚಿತ್ರರೇಖೆ
ಅರ್ಥಾಸಕ್ತರ ಮಾತಿಗೆ ನನ್ನದೂ ಒಂದು ಸಾಕ್ಷ್ಯವಿದೆ. ನಾನು ಪುಸ್ತಕಗಳಿಗೆ ಚಿತ್ರ ಬರೆಯುವವಳು, ಆದ್ದರಿಂದ ಲೋಡೋಸ್ ಎಂದರೆ ನನಗೆ ಮೊದಲು ನೆನಪಾಗುವುದು ಡೀಡ್ಲಿಟ್‌ಳ ಕಿವಿ. ಯುತಾಕಾ ಇಜುಬುಚಿ ಆ ಎಲ್ಫ್, ಅಂದರೆ ನೂರಾರು ವರ್ಷ ಬದುಕುವ ಯಕ್ಷಕುಲದ, ಹುಡುಗಿಗೆ ಎಲೆಯಂತೆ ಪಕ್ಕಕ್ಕೆ ಚಾಚಿದ ಉದ್ದನೆಯ ಕಿವಿಗಳನ್ನು ಬರೆದರು. ಇಂಗ್ಲಿಷ್ ಪುಸ್ತಕಗಳ ಎಲ್ಫ್‌ಗಳಿಗೆ ತುದಿ ಮಾತ್ರ ಚೂಪಾದ ಸಣ್ಣ ಕಿವಿ ಇರುತ್ತಿತ್ತು. ಇಂದು ಜಪಾನಿನ ಯಾವುದೇ ಅನಿಮೆಯಲ್ಲಿ ಎಲ್ಫ್ ಕಂಡರೂ ಉದ್ದ ಕಿವಿಯೇ ಇರುತ್ತದೆ, ಆ ರೂಢಿ ಬೇರುಬಿಟ್ಟಿದ್ದು ಮುಖ್ಯವಾಗಿ ಈ ಚಿತ್ರಗಳಿಂದ.

ಇನ್ನೊಂದು ಸಂಗತಿ ಎಲ್ಲರಿಗೂ ಗೊತ್ತಿರಲಿ. ಆ ಮೇಜಿನ ಸುತ್ತ ಡೀಡ್ಲಿಟ್ ಆಗಿ ಆಡಿದವರು ಹಿರೋಶಿ ಯಾಮಾಮೊಟೊ ಎಂಬ ಗಂಡಸು, ಮುಂದೆ ವೈಜ್ಞಾನಿಕ ಕಾದಂಬರಿಗಳಿಗೆ ಹೆಸರಾದ ಲೇಖಕ. ಅವರು ಮಾತು ಕೊಟ್ಟರು, ಇಜುಬುಚಿ ಮುಖ ಕೊಟ್ಟರು, ಮಿಜುನೊ ಮನಸ್ಸಿನೊಳಗನ್ನು ಬರೆದರು. ಹೀಗೆ ಮೂರು ಕೈಗಳಲ್ಲಿ ತಿದ್ದಿಸಿಕೊಂಡು ಬಂದ ಪಾತ್ರವಾದ್ದರಿಂದಲೇ ಅವಳು ಅನಿಮೆಯೊಳಕ್ಕೆ ನೇರವಾಗಿ ನಡೆದು ಹೋದಳು. ‘ಅರ್ಥಾಸಕ್ತ’ ಅವರೇ, ಸ್ತ್ರೀವೇಷದ ಗಂಡು ಕಲಾವಿದರನ್ನು ಕಂಡ ನಿಮಗೆ ಇದರಲ್ಲಿ ಅಚ್ಚರಿಯೆನಿಸದು.

ದಾಳಗಾರ
ಈಗ ಹೊಳೆಯಿತು ನೋಡಿ! ಗೇಮ್‌ಬುಕ್‌ನ ನಾಯಕನಿಗೆ ಮುಖವಿಲ್ಲ. ನಾಯಕ ಎಂದರೆ ‘ನೀನು’. ಹೆಸರಿಲ್ಲ, ಊರಿಲ್ಲ, ಗಂಡೋ ಹೆಣ್ಣೋ ಹೇಳುವುದಿಲ್ಲ. ಇರುವುದು ಮೂರು ಸಂಖ್ಯೆಗಳು ಮಾತ್ರ: ಕೌಶಲ, ತ್ರಾಣ, ಅದೃಷ್ಟ. ಒಂದು ದಾಳ ಎಸೆದು 6 ಕೂಡಿಸಿದರೆ ಕೌಶಲ, ಎರಡು ದಾಳ ಎಸೆದು 12 ಕೂಡಿಸಿದರೆ ತ್ರಾಣ, ಮತ್ತೆ ಒಂದು ದಾಳಕ್ಕೆ 6 ಕೂಡಿಸಿದರೆ ಅದೃಷ್ಟ. ಓದುವವನು ಸರಾಗವಾಗಿ ಒಳಗೆ ಹೊಕ್ಕು ಕುಳಿತುಕೊಳ್ಳಲಿ ಎಂದೇ ಆ ಸ್ಥಳವನ್ನು ಖಾಲಿ ಬಿಟ್ಟಿರುತ್ತಾರೆ. ಅನಿಮೆ ಮಾಡಲು ಹೊರಟವರಿಗೆ ಅಲ್ಲಿ ಚಿತ್ರ ಬರೆಯಲು ಯಾರೂ ಸಿಗುವುದಿಲ್ಲ.

ನನ್ನ ಅತ್ತೆಯ ಮಗ ಮತ್ತು ನಾನು ಒಂದೇ ಪುಸ್ತಕವನ್ನು ಓದಿದ್ದರೂ ನಮ್ಮ ನಾಯಕರು ಬೇರೆ ಬೇರೆಯಾಗಿದ್ದರು. ಅವನ ನಾಯಕ ಗಡ್ಡದ ದೈತ್ಯ, ನನ್ನವನು ನನ್ನಷ್ಟೇ ಸಣಕಲು.

ಮುಂಗಾರು
ಹೌದು, ನನ್ನ ನಾಯಕನಿಗೆ ಕನ್ನಡಕವೂ ಇತ್ತು.

ಎದುರುಮಾತು
ಸಿದ್ಧಾಂತ ಸೊಗಸಾಗಿದೆ, ಆದರೆ ಅದನ್ನು ಒಪ್ಪುವ ಮೊದಲು ‘ಕ್ವೀನ್ಸ್ ಬ್ಲೇಡ್’ ಬಗ್ಗೆ ಉತ್ತರಿಸಿ. ಅದು ನಿಜವಾದ ಗೇಮ್‌ಬುಕ್ ಮಾಲಿಕೆ. ಹಾಬಿ ಜಪಾನ್ ಸಂಸ್ಥೆ 2005ರಲ್ಲಿ ಅದನ್ನು ಶುರು ಮಾಡಿತು, 2009ರಲ್ಲಿ ಎರಡು ಸರಣಿ ಟಿವಿ ಅನಿಮೆ ಬಂತು, ಅದೇ ವರ್ಷ ಪಿಎಸ್‌ಪಿ ಯಂತ್ರಕ್ಕೆ ವಿಡಿಯೊ ಗೇಮ್ ಬಂತು, ಕಾಮಿಕ್ಸ್, ಲೈಟ್ ನಾವೆಲ್, ಗೊಂಬೆಗಳು ಎಲ್ಲವೂ ಬಂದವು. ಗೇಮ್‌ಬುಕ್ ಬೇರೆ ಮಾಧ್ಯಮಕ್ಕೆ ಹೋಗಲಾರದು ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತಲ್ಲವೇ?

ದಾಳಗಾರ
ಅದರ ಆಟ ಹೇಗೆ? ಅದರಲ್ಲೂ ‘ನೀನು’ ಇದ್ದಾನೆಯೇ?

ಎದುರುಮಾತು
ಆಟದ ವಿಧಾನವನ್ನು ಅಮೆರಿಕದ ಆಲ್ಫ್ರೆಡ್ ಲಿಯೊನಾರ್ಡಿ ರೂಪಿಸಿದ್ದು. ಅವರು 1980ರಲ್ಲಿ ‘ಏಸ್ ಆಫ್ ಏಸಸ್’ ಎಂಬ ವಿಮಾನ ಕಾಳಗದ ಪುಸ್ತಕ ಜೋಡಿಯನ್ನು ತಂದರು, ಆಮೇಲೆ 1983ರಲ್ಲಿ ಅದೇ ಉಪಾಯವನ್ನು ಕತ್ತಿ ಕಾಳಗಕ್ಕೆ ಅಳವಡಿಸಿ ‘ಲಾಸ್ಟ್ ವರ್ಲ್ಡ್ಸ್’ ಮಾಡಿದರು. ಹಾಬಿ ಜಪಾನ್ ಆ ಪದ್ಧತಿಯನ್ನೇ ಬಳಸಿಕೊಂಡಿತು.

ಇದರಲ್ಲಿ ದಾಳವೇ ಇಲ್ಲ. ಒಂದೊಂದು ಪುಸ್ತಕವೂ ಒಬ್ಬೊಬ್ಬ ಯೋಧೆ. ಆಡಲು ಕುಳಿತ ಇಬ್ಬರು ತಮ್ಮ ಪಾತ್ರದ ಪುಸ್ತಕವನ್ನು ಎದುರಾಳಿಗೆ ಕೊಟ್ಟು, ತಮ್ಮ ಪಟ್ಟುಗಳನ್ನು ಪಟ್ಟಿ ಮಾಡಿದ ಹಾಳೆಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ನನ್ನ ಕೈಯಲ್ಲಿ ನಿಮ್ಮ ಪುಸ್ತಕವಿರುವುದರಿಂದ ನನ್ನ ಕಣ್ಣ ಮುಂದೆ ಯಾವಾಗಲೂ ನಿಮ್ಮ ಪಾತ್ರವೇ ನಿಂತಿರುತ್ತದೆ. ಇಬ್ಬರೂ ಗುಟ್ಟಾಗಿ ಒಂದೊಂದು ಪಟ್ಟು ಆರಿಸಿ ಅದರ ಸಂಖ್ಯೆಯನ್ನು ಒಟ್ಟಿಗೆ ಹೇಳುತ್ತೇವೆ. ನನ್ನ ಪಟ್ಟು ಮತ್ತು ನಿಮ್ಮ ಪಟ್ಟು ಕೂಡುವ ಜಾಗದಲ್ಲಿ ಹೊಸ ಪುಟ ಸಂಖ್ಯೆ ಸಿಗುತ್ತದೆ. ಆ ಪುಟ ತೆರೆದರೆ ನೀವು ಏಟು ತಿಂದು ಹಿಂದೆ ಸರಿದ ಚಿತ್ರವೋ, ಗುರಾಣಿ ಅಡ್ಡ ಹಿಡಿದ ಚಿತ್ರವೋ ಕಾಣಿಸುತ್ತದೆ. ಸಮತೋಲ ತಪ್ಪಿದ ಚಿತ್ರ ಬಂದರೆ ಮುಂದಿನ ಸುತ್ತಿನಲ್ಲಿ ಕೆಲವು ಪಟ್ಟುಗಳನ್ನು ಬಳಸುವಂತಿಲ್ಲ. ಗರಡಿಯಲ್ಲಿ ಎದುರಾಳಿಯ ಕಾಲಿನ ಮೇಲೆ ಕಣ್ಣಿಟ್ಟು ಮುಂದಿನ ಪಟ್ಟನ್ನು ಊಹಿಸಿದ ಹಾಗೆಯೇ ಇದು. ಪುಸ್ತಕದಿಂದ ಇಂಥ ಕೆಲಸ ತೆಗೆದವರ ಬುದ್ಧಿಗೆ ನಾನು ತಲೆಬಾಗುತ್ತೇನೆ.

ದಾಳಗಾರ
ಹಾಗಾದರೆ ನೀವು ನನ್ನ ಮಾತನ್ನು ಬೀಳಿಸಲಿಲ್ಲ, ಗಟ್ಟಿ ಮಾಡಿದಿರಿ. ಇಲ್ಲಿ ‘ನೀನು’ ಇಲ್ಲ. ಪುಸ್ತಕದ ಮುಖಪುಟದಲ್ಲೇ ಹೆಸರು, ಮುಖ, ಆಯುಧ ಎಲ್ಲವೂ ಇರುವ ಪಾತ್ರವಿದೆ. ಮುಖವಿರುವ ಗೇಮ್‌ಬುಕ್ ಆಗಿದ್ದರಿಂದಲೇ ಅದು ಅನಿಮೆಯಾಯಿತು.

ಎದುರುಮಾತು
ಅಷ್ಟು ಬೇಗ ಗೆದ್ದೆ ಎನ್ನಬೇಡಿ. ಮುಖ ಇದ್ದರೆ ಸಾಲದು, ಮುಖಗಳು ಒಂದನ್ನೊಂದು ಭೇಟಿಯಾಗಲು ಕಾರಣವೂ ಬೇಕು. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಕಾಳಗದಲ್ಲಿ ಗೆದ್ದವಳು ರಾಣಿಯಾಗುತ್ತಾಳೆ ಎಂಬ ಒಂದೇ ಎಳೆಯ ಮೇಲೆ ಅವರು ಎಲ್ಲ ಪುಸ್ತಕಗಳನ್ನೂ ಪೋಣಿಸಿದರು. ಹೊಸ ಪುಸ್ತಕ ಬಂದರೆ ಹೊಸ ಸ್ಪರ್ಧಿ ಬಂದಳು ಎಂದೇ ಅರ್ಥ. ‘ಕ್ವೀನ್ಸ್ ಗೇಟ್’ ಎಂಬ ಉಪಮಾಲಿಕೆಯಲ್ಲಿ ಬೇರೆ ಕಂಪನಿಗಳ ವಿಡಿಯೊ ಗೇಮ್ ಪಾತ್ರಗಳನ್ನೂ ಕರೆತಂದರು, ‘ಸೋಲ್‌ಕ್ಯಾಲಿಬರ್’ನ ಐವಿಗೂ ಒಂದು ಪುಸ್ತಕ ಬಂತು. ಎಲ್ಲ ಪುಸ್ತಕಗಳ ಲೆಕ್ಕಾಚಾರ ಒಂದೇ ಆಗಿರುವುದರಿಂದ ಯಾವ ಪುಸ್ತಕವನ್ನು ಯಾವುದರೊಂದಿಗೆ ಬೇಕಾದರೂ ಕಾದಾಡಿಸಬಹುದು. ಮಾಲಿಕೆಯನ್ನು ಬೆಳೆಸಿದ್ದು ಈ ಗುಣ.

ಚಿತ್ರರೇಖೆ
ಆ ಮಾಲಿಕೆಯ ಬಗ್ಗೆ ಮಾತನಾಡುವಾಗ ಒಂದು ವಿಷಯವನ್ನು ಬಿಟ್ಟರೆ ಪ್ರಾಮಾಣಿಕವಾಗುವುದಿಲ್ಲ. ಆ ಚಿತ್ರಗಳಲ್ಲಿ ಏಟು ಬಿದ್ದಂತೆಲ್ಲ ಬಟ್ಟೆ ಹರಿಯುತ್ತದೆ, ಅನಿಮೆಯಲ್ಲಿ ಅದೇ ಮುಖ್ಯ ಆಕರ್ಷಣೆಯಾಯಿತು. ಆಟದಲ್ಲಿ ಎದುರಾಳಿಯ ಚಿತ್ರವನ್ನು ದಿಟ್ಟಿಸಿ ನೋಡುವುದಕ್ಕೆ ಒಂದು ಉದ್ದೇಶವಿತ್ತು: ಅವಳ ತೂಕ ಯಾವ ಕಾಲಿನ ಮೇಲಿದೆ, ಕತ್ತಿ ಎತ್ತರದಲ್ಲಿದೆಯೋ ಕೆಳಗಿದೆಯೋ ಎಂದು ತಿಳಿಯಬೇಕಿತ್ತು. ಅನಿಮೆಗೆ ಬಂದಾಗ ನೋಟ ಉಳಿಯಿತು, ಉದ್ದೇಶ ಕಳೆದುಹೋಯಿತು. ಹೆಣ್ಣಿನ ದೇಹವನ್ನು ಹೀಗೆ ಬಳಸಿಕೊಂಡಿದ್ದು ನನಗೆ ನೋವುಂಟುಮಾಡುತ್ತದೆ. ನನ್ನ ತಮ್ಮನ ಮಕ್ಕಳಿಗೆ ಲೋಡೋಸ್ ತೋರಿಸಿದ್ದೇನೆ, ಇದನ್ನು ತೋರಿಸಲಾರೆ.

ಎದುರುಮಾತು
ನಿಮ್ಮ ಆಕ್ಷೇಪವನ್ನು ಒಪ್ಪುತ್ತೇನೆ ಮೇಡಂ. ಅದು ವಯಸ್ಕರಿಗೆಂದೇ ಮಾಡಿದ್ದು. ನಾನು ಮೆಚ್ಚಿದ್ದು ಪುಸ್ತಕದ ಯಂತ್ರವನ್ನು ಮಾತ್ರ, ಅನಿಮೆಯಲ್ಲಿ ಆ ಯಂತ್ರದ ಒಂದು ಹಲ್ಲೂ ಉಳಿಯಲಿಲ್ಲ ಎಂಬ ಬೇಸರ ನನಗೂ ಇದೆ. ಲಿಯೊನಾರ್ಡಿಯ ಮೂಲ ಪುಸ್ತಕಗಳಲ್ಲಿ ಅಸ್ಥಿಪಂಜರವೂ ಕಾದಾಡುತ್ತಿತ್ತು, ಆಗಲೂ ಆಟ ಅಷ್ಟೇ ರೋಚಕವಾಗಿತ್ತು.

ಕೋಬೆ_ಕನ್ನಡಿಗ
ಮತ್ತೆ ಲೋಡೋಸ್‌ಗೆ ಬರೋಣ, ಏಕೆಂದರೆ ಮುಖದ ಜೊತೆಗೆ ಇನ್ನೊಂದು ಕಾರಣವನ್ನು ಯಾರೂ ಹೇಳಿಲ್ಲ. ಗ್ರೂಪ್ ಎಸ್‌ಎನ್‌ಇ ನಿಯಮಗಳನ್ನು ಬಿಟ್ಟುಕೊಟ್ಟು ಲೋಕವನ್ನು ಉಳಿಸಿಕೊಂಡಿತು. ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಅಮೆರಿಕದ ಕಂಪನಿಯ ಸ್ವತ್ತು. ಅದನ್ನೇ ನೆಚ್ಚಿಕೊಂಡಿದ್ದರೆ ಪ್ರತಿ ಹೆಜ್ಜೆಗೂ ಇನ್ನೊಬ್ಬರ ಅನುಮತಿ ಬೇಕಾಗುತ್ತಿತ್ತು. ಆದ್ದರಿಂದ 1989ರಲ್ಲಿ ‘ಲೋಡೋಸ್ ಕಂಪ್ಯಾನಿಯನ್’ ಎಂಬ ತಮ್ಮದೇ ನಿಯಮಗಳನ್ನು ತಂದರು, ರೀಪ್ಲೇಯನ್ನು ಪುಸ್ತಕ ಮಾಡುವಾಗ ಆ ನಿಯಮಗಳಿಗೆ ಹೊಂದಿಸಿದರು. ಅದೇ ವರ್ಷ ‘ಸ್ವೋರ್ಡ್ ವರ್ಲ್ಡ್’ ಆಟವೂ ಬಂತು. ಲೋಡೋಸ್ ದ್ವೀಪವಿರುವ ಫೋರ್ಸೆಲಿಯಾ ಲೋಕದಲ್ಲೇ ಅದರ ಕಥೆಯೂ ನಡೆಯುತ್ತದೆ, ಅಲ್ಲಿಯದು ಅಲೆಕ್ರಾಸ್ಟ್ ಎಂಬ ಖಂಡ.

‘ಸ್ವೋರ್ಡ್ ವರ್ಲ್ಡ್’ ಪೆಟ್ಟಿಗೆಯಲ್ಲಿ ಬರಲಿಲ್ಲ, ಸಾಮಾನ್ಯ ಬುಂಕೊ ಪುಸ್ತಕವಾಗಿ ಬಂತು. ಹತ್ತು ಮುಖ, ಇಪ್ಪತ್ತು ಮುಖದ ವಿಶೇಷ ದಾಳಗಳನ್ನು ಕೇಳಲಿಲ್ಲ, ಮನೆಯಲ್ಲಿರುವ ಆರು ಮುಖದ ಎರಡು ದಾಳ ಸಾಕು ಎಂದಿತು. ಶಾಲೆಯ ಹುಡುಗ ತನ್ನ ಕೈಖರ್ಚಿನ ಹಣದಲ್ಲಿ ಕಾದಂಬರಿ ಕೊಳ್ಳುವ ಅಂಗಡಿಯಲ್ಲೇ, ಕಾದಂಬರಿಯ ಪಕ್ಕದಲ್ಲೇ ಆಟವನ್ನೂ ಕೊಳ್ಳಬಹುದಿತ್ತು. ಇಂಗ್ಲಿಷ್ ಗೇಮ್‌ಬುಕ್‌ಗಳಿಂದ ಜಪಾನ್ ಕಲಿತ ದೊಡ್ಡ ಪಾಠ ಇದೇ ಎಂದು ನನಗನ್ನಿಸುತ್ತದೆ. ಆಟವು ಪುಸ್ತಕದ ಬೆಲೆಯಲ್ಲಿ, ಪುಸ್ತಕದ ಆಕಾರದಲ್ಲಿ ಇರಬೇಕು. ಗೇಮ್‌ಬುಕ್‌ಗಳ ಸುಗ್ಗಿ ಮುಗಿದ ಮೇಲೂ ಆ ಆಕಾರ ಉಳಿಯಿತು.

ಹಳೆಪುಸ್ತಕ
ಇದನ್ನು ಪೂರ್ಣವಾಗಿ ಒಪ್ಪುತ್ತೇನೆ. ಜೊತೆಗೆ, ಒಂದೇ ಗುಂಪಿನ ಆಟಕ್ಕೆ ಅವರು ನಿಲ್ಲಲಿಲ್ಲ ಎಂಬುದನ್ನೂ ಗಮನಿಸಬೇಕು. ಪತ್ರಿಕೆಯಲ್ಲಿ ಎರಡನೆಯ ರೀಪ್ಲೇ ಬಂದಾಗ ಓರ್ಸನ್ ಮತ್ತು ಶಿರಿಸ್ ಬಂದರು, ಮೂರನೆಯದರಲ್ಲಿ ಸ್ಪಾರ್ಕ್ ಬಂದ. ಮೇಜಿನ ಸುತ್ತ ಹೊಸಬರು ಕುಳಿತಾಗಲೆಲ್ಲ ದ್ವೀಪಕ್ಕೆ ಹೊಸ ನಾಯಕ ಸಿಕ್ಕ, ಹಳಬರು ಅದೇ ದ್ವೀಪದಲ್ಲಿ ವಯಸ್ಸಾಗುತ್ತಾ ಹೋದರು.

‘ದಾಳಗಾರ’ ಅವರೇ, ನೀವು ನೋಡಿದ ಅನಿಮೆಯ ಕೊನೆಯ ಕಂತುಗಳು ಅವಸರದ್ದೆಂದು ನಿಮಗೆ ಅನ್ನಿಸಲಿಲ್ಲವೇ? ಅದಕ್ಕೂ ಇದೇ ಕಾರಣ. ಅನಿಮೆ ತಯಾರಾಗುತ್ತಿದ್ದಾಗ ಕಾದಂಬರಿಗಳು ಇನ್ನೂ ಮುಗಿದಿರಲಿಲ್ಲ, ಆದ್ದರಿಂದ ಎಂಟನೆಯ ಕಂತಿನ ನಂತರ ಕಥೆಯನ್ನು ಒತ್ತಿ ಹಿಡಿದು ತಮ್ಮದೇ ಮುಕ್ತಾಯ ಕೊಟ್ಟರು. 1998ರ 27 ಕಂತುಗಳ ಟಿವಿ ಸರಣಿ ಆ ಎಂಟನೆಯ ಕಂತಿನ ಜಾಗಕ್ಕೆ ಹಿಂದಿರುಗಿ ಅಲ್ಲಿಂದ ಮುಂದಿನದನ್ನು ಬೇರೆಯಾಗಿ ಹೇಳುತ್ತದೆ. ಚಿತ್ರಗಳ ಗುಣಮಟ್ಟ 1990ರದ್ದೇ ಮೇಲು. ಕಥೆಯ ನ್ಯಾಯ 1998ರದ್ದು.

ದಾಳಗಾರ
ಅನ್ನಿಸಿತು. ಮೊದಲ ಕಂತು ಕುಬ್ಜರ ಪಾಳು ಸುರಂಗದ ನಡುವೆ ಏಕಾಏಕಿ ಶುರುವಾಗಿ, ಎರಡನೆಯ ಕಂತಿನಲ್ಲಿ ಕಥೆ ಹಿಂದಕ್ಕೆ ಹೋದಾಗಲೂ ಗೊಂದಲವಾಗಿತ್ತು. ಆದರೆ ಬೂದು ಮಾಟಗಾತಿ ಕಾರ್ಲಾಳ ಭಾಗ ಮಾತ್ರ ಮನಸ್ಸಿನಿಂದ ಹೋಗುತ್ತಿಲ್ಲ. ಒಳ್ಳೆಯವರೂ ಗೆಲ್ಲಬಾರದು, ಕೆಟ್ಟವರೂ ಗೆಲ್ಲಬಾರದು, ತಕ್ಕಡಿ ಸಮವಾಗಿರಬೇಕು ಎಂದು ಶತಮಾನಗಳಿಂದ ದ್ವೀಪವನ್ನು ಆಡಿಸುತ್ತಿರುವ ಹೆಂಗಸು ಅವಳು. ಹಣೆಪಟ್ಟಿಯೊಂದರಲ್ಲಿ ಅವಳ ಜೀವವಿದೆ, ಧರಿಸಿದವರ ದೇಹವೇ ಅವಳದ್ದಾಗುತ್ತದೆ. ಗಿಮ್ ಎಂಬ ಕುಬ್ಜ ತನ್ನ ಪ್ರಾಣ ತೆತ್ತು, ಕಾರ್ಲಾಳ ವಶದಲ್ಲಿದ್ದ ಲೇಲಿಯಾಳನ್ನು ಬಿಡಿಸುತ್ತಾನೆ, ಅಷ್ಟರಲ್ಲಿ ಜೊತೆಗಾರನಾದ ಕಳ್ಳ ವುಡ್‌ಚಕ್ ಆ ಹಣೆಪಟ್ಟಿಯನ್ನು ಎತ್ತಿಕೊಳ್ಳುತ್ತಾನೆ. ಅದನ್ನು ನೋಡಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಅರ್ಥಾಸಕ್ತ
ಕಾರ್ಲಾ ಮಾಡುವ ವಾದಕ್ಕೆ ಎದುರು ಅರ್ಥ ಹೇಳುವುದು ಸುಲಭವಲ್ಲ. ಒಳ್ಳೆಯ ಅರ್ಥಧಾರಿಯ ಕೈಗೆ ಸಿಕ್ಕರೆ ರಾತ್ರಿಯಿಡೀ ಬೆಳೆಯುವ ಪಾತ್ರ ಅದು.

ಭಾಷಾಂತರಿ
ತಡವಾಗಿ ಬಂದಿದ್ದೇನೆ, ಕ್ಷಮಿಸಿ. ‘ನೀನು’ ಎಂಬುದರ ಬಗ್ಗೆ ಭಾಷೆಯ ಕಡೆಯಿಂದ ಒಂದು ಮಾತು ಸೇರಿಸಬೇಕು. ಮುಖವಿಲ್ಲದ ನಾಯಕನನ್ನು ಉಳಿಸಿಕೊಳ್ಳುವುದು ಎಲ್ಲ ಭಾಷೆಗಳಿಗೂ ಸಮಾನವಾಗಿ ಸಾಧ್ಯವಿಲ್ಲ. ಹಿಂದಿಯಲ್ಲಿ ‘ನೀನು ಬಂದೆ’ ಎನ್ನುವಾಗಲೇ ಕ್ರಿಯಾಪದದಲ್ಲಿ ಬಂದವನು ಗಂಡೋ ಹೆಣ್ಣೋ ಎಂದು ಹೇಳಬೇಕಾಗುತ್ತದೆ. ಕನ್ನಡದಲ್ಲಿ ಅವನು ಬಂದ, ಅವಳು ಬಂದಳು ಎನ್ನುವಾಗ ಭೇದವಿದೆ, ಆದರೆ ‘ನೀನು ಬಂದೆ’ ಎಂಬಲ್ಲಿ ಭೇದವಿಲ್ಲ. ಗೇಮ್‌ಬುಕ್‌ಗೆ ನಮ್ಮ ಭಾಷೆ ಹೇಳಿ ಮಾಡಿಸಿದ ಹಾಗಿದೆ. ಆದರೂ ನಮ್ಮಲ್ಲಿ ಇದನ್ನು ಬರೆಯಲು ಹೊರಟರೆ ಮೊದಲ ವಾಕ್ಯದಲ್ಲೇ ಒಂದು ತೊಡಕು ಎದುರಾಗುತ್ತದೆ. ಓದುಗನನ್ನು ‘ನೀನು’ ಎನ್ನಬೇಕೋ ‘ನೀವು’ ಎನ್ನಬೇಕೋ?

ಕೋಬೆ_ಕನ್ನಡಿಗ
ಜಪಾನಿ ಅನುವಾದಕರಿಗೂ ಈ ತೊಡಕಿತ್ತು, ಇಲ್ಲಿನ ಗೌರವದ ಶ್ರೇಣಿಗಳು ನಮಗಿಂತ ಹೆಚ್ಚು. ಗೇಮ್‌ಬುಕ್‌ಗಳಲ್ಲಿ ಅವರು ‘ಕಿಮಿ’ ಎಂಬ ಪದ ಬಳಸಿದರು. ಓರಗೆಯವರನ್ನೋ ಕಿರಿಯರನ್ನೋ ಸಲಿಗೆಯಿಂದ ಕರೆಯುವ ಪದ ಅದು. ಹಿರಿಯ ಜೊತೆಗಾರನೊಬ್ಬ ಪಕ್ಕದಲ್ಲಿ ನಡೆಯುತ್ತಾ ಹೇಳುತ್ತಿರುವಂತೆ ಕೇಳಿಸುತ್ತದೆ.

ಮುಂಗಾರು
‘ನೀನು’ ಎಂದೇ ಇರಲಿ. ‘ನೀವು’ ಎಂದರೆ ಬ್ಯಾಂಕಿನಿಂದ ಬಂದ ಪತ್ರ ಓದಿದಂತಾಗುತ್ತದೆ.

ಹಳೆಪುಸ್ತಕ
ನಾನು ಒಪ್ಪುವುದಿಲ್ಲ. ಐವತ್ತು ದಾಟಿದ ಓದುಗನನ್ನು ಪರಿಚಯವೇ ಇಲ್ಲದ ಪುಸ್ತಕ ಏಕವಚನದಲ್ಲಿ ಕರೆದರೆ ನನ್ನ ಕಿವಿಗೆ ಒರಟಾಗಿ ಕೇಳಿಸುತ್ತದೆ.

ಚಿತ್ರರೇಖೆ
ದೇವರನ್ನು, ತಾಯಿಯನ್ನು ಏಕವಚನದಲ್ಲೇ ಕರೆಯುತ್ತೇವಲ್ಲ. ಸಲಿಗೆಯಿದ್ದರೆ ಒರಟೆನಿಸುವುದಿಲ್ಲ. ‘ಭಾಷಾಂತರಿ’ ಅವರೇ, ಒಂದು ಪ್ಯಾರಾ ಬರೆದು ತೋರಿಸಿ, ಓದಿ ತೀರ್ಮಾನಿಸೋಣ.

ಭಾಷಾಂತರಿ
ಅನುವಾದ ಬೇಡ, ನನ್ನದೇ ಒಂದನ್ನು ಬರೆದಿದ್ದೇನೆ.

1. ಮಳೆ ನಿಂತಿದೆ. ಗವಿಯ ಬಾಯಿಗೆ ಬರುವ ಹೊತ್ತಿಗೆ ನಿನ್ನ ಪಂಜಿನ ಎಣ್ಣೆ ಕಾಲು ಭಾಗ ಮಾತ್ರ ಉಳಿದಿದೆ. ಒಳಗಿನಿಂದ ಯಾರೋ ಧಾನ್ಯ ಬೀಸುತ್ತಿರುವ ಸದ್ದು ಕೇಳಿಸುತ್ತಿದೆ, ಆದರೆ ಈ ಬೆಟ್ಟದಲ್ಲಿ ನೂರು ವರ್ಷಗಳಿಂದ ಯಾರೂ ವಾಸಿಸಿಲ್ಲವೆಂದು ಊರಿನ ಗೌಡರು ನಿನಗೆ ಹೇಳಿದ್ದರು. ಪಂಜನ್ನು ಆರಿಸಿ ಕತ್ತಲಲ್ಲೇ ಒಳಗೆ ಹೋಗುವೆಯಾದರೆ 118ಕ್ಕೆ ಹೋಗು. ಕೂಗಿ ಕರೆಯುವೆಯಾದರೆ 43ಕ್ಕೆ ಹೋಗು. ಬೆಳಗಾಗುವವರೆಗೆ ಹೊರಗೇ ಕಾಯುವೆಯಾದರೆ 207ಕ್ಕೆ ಹೋಗು.

ಹಳೆಪುಸ್ತಕ
‘ನೀನು’ ಎಂಬುದೇ ಸರಿ. ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಸಂಖ್ಯೆಗಳನ್ನು ಹೀಗೆ ಚೆದುರಿಸಿದ್ದು ಏಕೆ ಎಂದು ಹೊಸಬರು ಕೇಳಬಹುದು. ಮೂರೂ ಫಲಿತಾಂಶಗಳು ಪಕ್ಕಪಕ್ಕದಲ್ಲಿದ್ದರೆ ಕಣ್ಣು ಕಳ್ಳತನ ಮಾಡುತ್ತದೆ. ಫೈರ್‌ಟಾಪ್ ಬೆಟ್ಟದ ಪುಸ್ತಕದಲ್ಲಿ ಇಂಥ 400 ಪ್ಯಾರಾಗಳನ್ನು ಕಲೆಸಿಟ್ಟಿದ್ದಾರೆ.

ಚಿತ್ರರೇಖೆ
ಇದಕ್ಕೆ ಚಿತ್ರ ಬರೆಯಲು ಕುಳಿತೆ. ಗವಿ ಬರೆದೆ, ಪಂಜು ಬರೆದೆ, ಒದ್ದೆ ಬಂಡೆಯನ್ನೂ ಬರೆದೆ. ಪಂಜು ಹಿಡಿದವರನ್ನು ಬರೆಯುವ ಹೊತ್ತಿಗೆ ಕೈ ನಿಂತಿತು. ನನ್ನ ಮನಸ್ಸಿನಲ್ಲಿ ಸೀರೆಯನ್ನು ಎತ್ತಿ ಕಟ್ಟಿದ ನಡುವಯಸ್ಸಿನ ಹೆಂಗಸೊಬ್ಬಳು ನಿಂತಿದ್ದಾಳೆ. ನಿಮ್ಮೆಲ್ಲರಿಗೂ ಯಾರು ಕಂಡರು?

ಮುಂಗಾರು
ನನಗೆ ಹದಿನಾಲ್ಕು ವರ್ಷದ ಹುಡುಗ.

ಅರ್ಥಾಸಕ್ತ
ನನಗೆ ಯಾರೂ ಕಾಣಲಿಲ್ಲ, ಬೀಸುವ ಕಲ್ಲಿನ ಸದ್ದು ಮಾತ್ರ ಕೇಳಿಸಿತು.

ಕೋಬೆ_ಕನ್ನಡಿಗ
‘ಚಿತ್ರರೇಖೆ’ ಅವರೇ, ಕೈಯನ್ನಷ್ಟೇ ಬರೆಯಿರಿ. ಇಲ್ಲಿನ ಹಳೆಯ ಗೇಮ್‌ಬುಕ್‌ಗಳ ಒಳಚಿತ್ರಗಳಲ್ಲಿ ಹೆಚ್ಚಾಗಿ ನಾಯಕನ ಕಣ್ಣಿಗೆ ಕಾಣುವುದನ್ನು ಬರೆದಿರುತ್ತಾರೆ, ನಾಯಕನನ್ನಲ್ಲ.

ಇನ್ನೊಂದು ಸುದ್ದಿ: ಮಿಜುನೊ 2019ರಲ್ಲಿ ಲೋಡೋಸ್‌ನ ಹೊಸ ಕಾದಂಬರಿ ಸರಣಿ ಆರಂಭಿಸಿದ್ದಾರೆ, ಮೊದಲ ಕಥೆಗಳು ಮುಗಿದು ನೂರು ವರ್ಷಗಳಾದ ಮೇಲಿನ ಕಾಲ ಅದು. ಎಲ್ಫ್ ಆದ್ದರಿಂದ ಡೀಡ್ಲಿಟ್ ಇನ್ನೂ ಬದುಕಿದ್ದಾಳೆ, ಮೊದಲ ಕಥೆಗಳ ನಾಯಕ ಪಾರ್ನ್ ಇಲ್ಲ. 2021ರಲ್ಲಿ ಪೂರ್ಣಗೊಂಡು ಬಂದ ಕಂಪ್ಯೂಟರ್ ಆಟದಲ್ಲಿ ಅವಳೇ ನಾಯಕಿ, ಒಂಟಿಯಾಗಿ ಒಂದು ಚಕ್ರವ್ಯೂಹದೊಳಗೆ ಅಲೆಯುತ್ತಾಳೆ. ಮೇಜಿನ ಸುತ್ತ ಆರು ಮಂದಿಯ ಗುಂಪಿನಲ್ಲಿ ಹುಟ್ಟಿದ ಪಾತ್ರವನ್ನು ಈಗ ಒಬ್ಬರೇ ಕುಳಿತು ಆಡುತ್ತಾರೆ.

ದಾಳಗಾರ
‘ಬೂದು ಮಾಟಗಾತಿ’ಯ ಇಂಗ್ಲಿಷ್ ಅನುವಾದ 2017ರಲ್ಲಿ ಬಂದಿರುವುದನ್ನು ಹುಡುಕಿ ತರಿಸಿಕೊಳ್ಳುತ್ತಿದ್ದೇನೆ. ಓದಿ ಮುಗಿಸಿ ವುಡ್‌ಚಕ್‌ನ ವಿಷಯವನ್ನು ಇಲ್ಲೇ ಬರೆಯುತ್ತೇನೆ, ಅನಿಮೆಯಲ್ಲಿ ಅವನಿಗೆ ಸಿಕ್ಕಿದ ಸಮಯ ಬಹಳ ಕಡಿಮೆಯಾಯಿತು.

‘ಭಾಷಾಂತರಿ’ ಅವರೇ, ನಾನು ಪಂಜು ಆರಿಸಿದ್ದೇನೆ. 118.

ಮುಂಗಾರು
ನಾನು 43. ಕೂಗಿ ಕರೆಯುತ್ತೇನೆ.

ಭಾಷಾಂತರಿ
118. ಕತ್ತಲು. ಬೀಸುವ ಸದ್ದು ನಿಂತಿತು. ನಿನ್ನ ಬಲಗೈಗೆ ಬೆಚ್ಚಗಿನ ಹಿಟ್ಟು ತಾಗುತ್ತಿದೆ. ನಿನ್ನ ಅದೃಷ್ಟವನ್ನು ಪರೀಕ್ಷಿಸು.

ಮುಂಗಾರು ಅವರೇ, 43ನ್ನು ನಾಳೆ ಬರೆಯುತ್ತೇನೆ. ದಾಳಗಾರರೇ, ಎರಡು ದಾಳ ಎಸೆದು ಎಷ್ಟು ಬಿತ್ತೆಂದು ತಿಳಿಸಿ.

ದಾಳಗಾರ
ನನ್ನ ಅದೃಷ್ಟ 9. ದಾಳದಲ್ಲಿ ಬಿದ್ದದ್ದು 5 ಮತ್ತು 4.